ಹಗ್ಗ ಹಿಡಿದವನು ಕಾಣದ ವಿಡಿಯೋ

ಬದಲಾಯಿಸಲೇ, ಇದ್ದ ಹಾಗೇ ಬಿಡಲೇ ಎಂದು ಯಾರು ಕೇಳಿದರೂ ‘ಇದ್ದ ಹಾಗೇ ಇರಲಿ ಬಿಡಿ’ ಎನ್ನುವುದು ನನ್ನ ಹುಟ್ಟುಗುಣ. ಟೈಲರ್ ರವಿಕೆಯ ತೋಳನ್ನು ಬಿಗಿಯಾಗಿ ಹೊಲಿದಿಟ್ಟು ‘ಬಿಚ್ಚಿ ಹೊಲೀಲಾ?’ ಎಂದಾಗಲೂ ಹಾಗೇ ಅಂದೆ. ಒಂದು ವರ್ಷ ಕೈ ಮೇಲೆತ್ತದೆ ಓಡಾಡಿದೆ. ಮದುವೆಯಾಗಿ ಬಂದ ಹೊಸದರಲ್ಲಿ ನಮ್ಮತ್ತೆ ‘ಈ ಮನೇಲಿ ಮುದ್ದೆ ಸಣ್ಣಕೆ ಕಟ್ಟೋದು, ನಿಂಗೆ ಒಸಿ ದೊಡ್ಡದು ಕಟ್ಲಾ?’ ಎಂದಾಗಲೂ ಅದೇ ಮಾತು. ಇಪ್ಪತ್ತಾರು ವರ್ಷದಿಂದ ಕಾಲು ಹೊಟ್ಟೆ ಖಾಲಿ ಇಟ್ಟುಕೊಂಡೇ ಕೈ ತೊಳೆಯುತ್ತಿದ್ದೇನೆ. ಜನ ಇದಕ್ಕೆ ತಾಳ್ಮೆ ಎಂದು ಹೆಸರಿಟ್ಟಿದ್ದಾರೆ. ನಾನೂ ಹಾಗೆಂದೇ ನಂಬಿಕೊಂಡಿದ್ದೆ, ಅದೇ ಪ್ರಶ್ನೆಯನ್ನು ಕಂಪ್ಯೂಟರ್ ಕೇಳುವವರೆಗೆ.

ಹೊಸೂರಿನ ಹತ್ತಿರ ಸೂಳಗಿರಿಯಲ್ಲಿ ನಾವು ಕಟ್ಟಿದ ಹೊಸ ಮನೆಯ ಗೃಹಪ್ರವೇಶದ ವಿಡಿಯೋವನ್ನು ನಾನೇ ಜೋಡಿಸುತ್ತೇನೆಂದು ಒಪ್ಪಿಕೊಂಡೆ. ಒಪ್ಪಿಕೊಳ್ಳಲು ನನ್ನಲ್ಲಿ ಒಂದು ಸರ್ಟಿಫಿಕೇಟ್ ಇತ್ತು. ನಮ್ಮ ಹೆಂಗಸರ ಸಂಘದಲ್ಲಿ ನಲವತ್ತು ದಿನ ಕಂಪ್ಯೂಟರ್ ಕಲಿಸಿದ್ದರು. ಮೇಡಂ ತಮಿಳಿನಲ್ಲಿ ಹೇಳುತ್ತಿದ್ದರು, ಪರದೆಯ ಮೇಲೆ ಎಲ್ಲವೂ ಇಂಗ್ಲಿಷಿನಲ್ಲಿತ್ತು, ನಾನು ಕನ್ನಡದಲ್ಲಿ ಬರೆದುಕೊಳ್ಳುತ್ತಿದ್ದೆ, ಪಕ್ಕದ ಸರೋಜಮ್ಮ ನನ್ನನ್ನು ತೆಲುಗಿನಲ್ಲಿ ವಿಚಾರಿಸುತ್ತಿದ್ದರು. ನಾಲ್ಕು ಭಾಷೆಯಲ್ಲಿ ಹೇಳಿದರೂ ನಮ್ಮಿಬ್ಬರ ತಲೆಗೆ ಹತ್ತದೆ ಉಳಿದ ಪಾಠ ಒಂದೇ: ನಾವು ಹಾಕುವ ವಿಡಿಯೋದ ಅಳತೆಯೂ ಅವನ್ನೆಲ್ಲ ಜೋಡಿಸುವ ಪ್ರಾಜೆಕ್ಟಿನ ಅಳತೆಯೂ ಹೊಂದಬೇಕು ಎಂಬುದು. ಅಳತೆ ಹೊಂದದ್ದನ್ನು ಹೇಗಾದರೂ ಹೊಂದಿಸಿಕೊಂಡು ಹೋಗುವುದೇ ಸಂಸಾರ ಎಂದು ತಿಳಿದ ಹೆಂಗಸರಿಗೆ ಅದು ಪಾಠ ಅನ್ನಿಸಲೇ ಇಲ್ಲ.

ಗೃಹಪ್ರವೇಶವನ್ನು ಇಬ್ಬರು ಹಿಡಿದಿದ್ದರು. ನನ್ನ ಮೈದುನ ಫೋನನ್ನು ಅಡ್ಡ ಹಿಡಿದು ಎಲ್ಲವನ್ನೂ ಅಗಲವಾಗಿ ತೆಗೆದಿದ್ದ. ವಾರಗಿತ್ತಿ ವಾಟ್ಸಾಪ್ ಸ್ಟೇಟಸ್ಸಿಗೆಂದು ಉದ್ದುದ್ದಕ್ಕೆ ತೆಗೆದಿದ್ದಳು. ಅವಳದರಲ್ಲಿ ದೀಪ ಚೆನ್ನಾಗಿ ಬಂದಿತ್ತೆಂದು ಮೊದಲಿಗೆ ಅದನ್ನೇ ಹಾಕಿದೆ. ಕಂಪ್ಯೂಟರ್ ಅದನ್ನೇ ಅಳತೆಯೆಂದು ಹಿಡಿದುಕೊಂಡಿತು. ಆಮೇಲೆ ಮೈದುನನದನ್ನು ಹಾಕಿದರೆ ಒಂದು ಚೌಕ ಎದ್ದು ನಿಂತಿತು: ಇದು ಹೊಂದುತ್ತಿಲ್ಲ, ಅಳತೆ ಬದಲಾಯಿಸಲೇ, ಇದ್ದ ಹಾಗೇ ಬಿಡಲೇ? ನನ್ನ ಬೆರಳು ಎಲ್ಲಿಗೆ ಹೋಯಿತೆಂದು ಬೇರೆ ಹೇಳಬೇಕಿಲ್ಲ. ಅಗಲವಾಗಿದ್ದದ್ದೆಲ್ಲ ಎಡಬಲಕ್ಕೆ ಕತ್ತರಿಸಿಹೋಗಿ, ನಡುವಿನದೊಂದು ಪಟ್ಟಿ ಉಳಿಯಿತು. ನಡುವೆ ಯಾರಿದ್ದರು? ನಮ್ಮ ಯಜಮಾನರು ಕೆಲಸ ಮಾಡುವ ಹೊಸೂರಿನ ಫ್ಯಾಕ್ಟರಿಯ ಮ್ಯಾನೇಜರ್. ಯಜಮಾನರು ನೋಡಿ ‘ಸೂಪರಾಗದೆ’ ಎಂದರು. ನೆಂಟರೆಲ್ಲ ಇರುವ ಗುಂಪಿಗೆ ಹಾಕಿದೆ. ಹೂವು, ದೀಪ, ಮುಗಿದ ಕೈಗಳು ಸಾಲಾಗಿ ಬಂದವು. ಅರ್ಧ ಜನ ವಿಡಿಯೋ ತೆರೆಯದೆಯೇ ಕೈ ಮುಗಿದಿದ್ದರೆಂದು ಈಗ ಅನ್ನಿಸುತ್ತದೆ.

ತೆರೆದು ನೋಡಿದವನು ನನ್ನ ತಮ್ಮ ಮುನಿರಾಜು. ಜವಳಗಿರಿಯಲ್ಲಿ ಬೇಸಾಯ ಮಾಡಿಕೊಂಡಿದ್ದಾನೆ. ನನಗೆ ತವರು ಅಂತ ಇರುವುದು ಅವನೊಬ್ಬನೇ. ನಮ್ಮ ಕಡೆ ಹೊಸ ಮನೆಗೆ ಹೆಣ್ಣಿನ ತವರಿನವರು ಸೀರು ತರಬೇಕು, ಎಂದರೆ ಹಣ್ಣು, ಹೂವು, ಸೀರೆ, ಪಂಚೆ ಜೋಡಿಸಿದ ತಟ್ಟೆಗಳು. ಆ ತಟ್ಟೆಯನ್ನು ಎಲ್ಲರೆದುರು ತಮ್ಮನ ಕೈಯಿಂದ ಅಕ್ಕಭಾವ ಈಸಿಕೊಳ್ಳಬೇಕು. ಮುನಿರಾಜು ತಟ್ಟೆಯಷ್ಟೇ ಅಲ್ಲ, ಹೊಸ ಮನೆಯ ಹೊಸಿಲು ದಾಟಿಸಲಿಕ್ಕೆ ತನ್ನ ಹಸು ಕರುಗಳನ್ನೂ ಟೆಂಪೋದಲ್ಲಿ ತಂದಿದ್ದ. ಬೆಳಗಿನ ಜಾವ ರಸ್ತೆಗೆ ಆನೆ ಬಂದು ನಿಂತರೆ ಮುಹೂರ್ತ ತಪ್ಪೀತೆಂದು ಹಿಂದಿನ ದಿನವೇ ಹೊರಟು ಬಂದಿದ್ದ. ವಿಡಿಯೋ ನೋಡಿದವನೇ ಫೋನ್ ಮಾಡಿದ.

‘ಅಕ್ಕಾ, ನಾನು ಬಂದಿದ್ನಾ ನಿನ್ ಮನೆಗೆ?’

‘ಇದೇನ್ಲಾ ಮಾತು? ಹಸು ಹಿಡ್ಕೊಂಡು ಬಂದೋನು ನೀನಲ್ವಾ?’

‘ಹಸು ಬಂದದೆ ವಿಡಿಯೋದಾಗೆ. ಕರ ಬಂದದೆ. ಸಗಣಿನೂ ಬಂದದೆ. ಹಗ್ಗ ಬ್ಯಾರೆ ಕಾಣ್ತದೆ. ಹಗ್ಗ ಹಿಡ್ದೋನು ಎಲ್ಲೋಗ್ಬುಟ್ಟ?’

ನಾನು ನಕ್ಕುಬಿಟ್ಟೆ. ಅವನು ನಗಲಿಲ್ಲ. ‘ನಗು, ನಗು. ತಟ್ಟೆ ತಂದೋನು ನಾನು, ನಿಮ್ ಕೈಗೆ ಕೊಡ್ತಿರೋನು ಆ ಮ್ಯಾನೇಜ್ರು. ಅವ್ನು ಯಾವಾಗ್ಲಿಂದ ನಿನ್ ತಮ್ಮ ಆದ? ಊರಾಗೆ ಒಬ್ಬೊಬ್ರೇ ಕೇಳ್ತಾವ್ರೆ, ನೀನು ಹೋಗ್ಲೇ ಇಲ್ವೇನ್ಲಾ ಅಂತ.’

‘ಮಿಷನ್ ತಪ್ಪು ಕಣಪ್ಪಾ, ಸೆಟ್ಟಿಂಗ್ ಹೊಂದಿಲ್ಲ. ಸರಿ ಮಾಡಿ ಗುಂಪಿಗೆ ಹಾಕ್ತೀನಿ.’

‘ಹಾಕು. ಅದು ಬರೋಗಂಟ ನಾನು ನಿನ್ ಮನೆ ಮೆಟ್ಲು ತುಳಿಯಾಕಿಲ್ಲ.’

ಅಲ್ಲಿಂದ ಮೂರು ಮಧ್ಯಾಹ್ನ, ಪಾತ್ರೆ ತೊಳೆದಿಟ್ಟು ನಲ್ಲಿಯಲ್ಲಿ ನೀರು ಬರುವ ಹೊತ್ತಿನವರೆಗೆ, ಕಂಪ್ಯೂಟರಿನ ಮುಂದೆ ಕೂತೆ. ಮೊದಲ ದಿನ ಪ್ರಾಜೆಕ್ಟನ್ನು ಅಗಲ ಮಾಡಿದರೆ ವಾರಗಿತ್ತಿ ತೆಗೆದದ್ದೆಲ್ಲ ಎಳೆದ ಮೈದಾ ಹಿಟ್ಟಿನಂತೆ ಅಡ್ಡಡ್ಡ ಹಿಗ್ಗಿತು. ಕನ್ನಡಿಯ ಮುಂದೆ ನಿಂತು ಅವಳು ತಾನೇ ತೆಗೆದುಕೊಂಡ ಚಿತ್ರದಲ್ಲಿ ಅವಳ ಮುಖ ಮೊರದಗಲ ಆಗಿತ್ತು. ಒಂದು ಕ್ಷಣ ಹಾಗೇ ಇಡೋಣವೆಂಬ ಆಸೆಯೂ ಆಯಿತು. ಎರಡನೇ ದಿನ ಹಿಗ್ಗಿದ್ದು ಕುಗ್ಗಿತು, ಮಾತು ಚಿತ್ರಕ್ಕಿಂತ ಹಿಂದೆ ಬಿತ್ತು. ಎರಡು ಫೋನುಗಳೂ ಸೆಕೆಂಡಿಗೆ ಒಂದೇ ಲೆಕ್ಕದಲ್ಲಿ ಚಿತ್ರ ಹಿಡಿಯುವುದಿಲ್ಲವಂತೆ. ಪುರೋಹಿತರು ಬಾಯಿ ಮುಚ್ಚಿ ಎಲೆಅಡಿಕೆ ಹಾಕಿಕೊಂಡ ಮೇಲೂ ಮಂತ್ರ ನಡೆದೇ ಇತ್ತು. ಮೂರನೇ ದಿನ ಮೇಡಂಗೆ ಫೋನ್ ಮಾಡಿದೆ. ‘ಅಕ್ಕಾ, ಪಳಸೈ ವಿಟ್ಟುಡುಂಗ. ಪುದುಸಾ ಆರಂಬಿಂಗ’ ಎಂದರು. ಹಳೆಯದನ್ನು ಬಿಟ್ಟುಬಿಡಿ, ಹೊಸದಾಗಿ ಶುರು ಮಾಡಿ, ಅಡ್ಡ ತೆಗೆದದ್ದನ್ನು ಮೊದಲು ಹಾಕಿ ಎಂದು. ಇಪ್ಪತ್ತಾರು ವರ್ಷದಲ್ಲಿ ನನಗೆ ಯಾರೂ ಕೊಡದ ಸಲಹೆ.

ಹಾಗೇ ಮಾಡಿದೆ. ಚೌಕ ಏಳಲಿಲ್ಲ. ವಾರಗಿತ್ತಿಯ ಚಿತ್ರಗಳು ಎರಡು ಕಪ್ಪು ಪಟ್ಟಿಗಳ ನಡುವೆ ಮರ್ಯಾದೆಯಾಗಿ ನಿಂತವು, ಪುರೋಹಿತರ ಬಾಯಿಗೆ ಮಂತ್ರ ಸೇರಿತು. ಹಗ್ಗದ ಇನ್ನೊಂದು ತುದಿಯಲ್ಲಿ ಮುನಿರಾಜು ಬಂದ, ಮಡಿಕೆಯ ಗೆರೆ ಹೋಗದ ಹೊಸ ಬಿಳಿ ಶರ್ಟಿನಲ್ಲಿ. ನಾನೊಬ್ಬಳೇ ಕೂತು ಚಪ್ಪಾಳೆ ತಟ್ಟಿದೆ. ಆಮೇಲೆ ತಟ್ಟೆಯ ಭಾಗ ಬಂತು.

ಮುನಿರಾಜು ತಟ್ಟೆ ಹಿಡಿದು ನಿಂತಿದ್ದಾನೆ. ಮ್ಯಾನೇಜರ್ ಒಳಗೆ ಬರುತ್ತಾರೆ. ಪಕ್ಕದಿಂದ ಒಬ್ಬ ಹೆಂಗಸು ಬಂದು ತಮ್ಮನ ಕೈಯಿಂದ ತಟ್ಟೆಯನ್ನು ಈಸಿಕೊಂಡು, ‘ಸಾರ್, ನೀವು ಕೊಡಿ ಸಾರ್, ಫೋಟೋಗೆ’ ಎಂದು ಅವರ ಕೈಗೆ ಇಡುತ್ತಾಳೆ. ಮೊಣಕೈಯಿಂದ ತಮ್ಮನನ್ನು ಒಂದು ಹೆಜ್ಜೆ ಹಿಂದಕ್ಕೆ ಸರಿಸುತ್ತಾಳೆ. ಫೋಟೋಗೆ ಸರಿಯಾಗಿ ನಿಲ್ಲಿಸುತ್ತಿದ್ದಾಳೆಂದೇ ಅವನೆಣಿಕೆ, ಬೇಜಾರೂ ಆಗಿಲ್ಲ. ತಲೆಗೂದಲು ನೇವರಿಸಿಕೊಂಡು, ತಾನೂ ಫೋಟೋದಲ್ಲಿ ಬರುತ್ತೇನೆಂದುಕೊಂಡು, ಮೈದುನನ ಫೋನಿನ ಕಡೆಗೆ ನಗುತ್ತಾ ನಿಂತಿದ್ದಾನೆ. ಆ ಹೆಂಗಸಿನ ರವಿಕೆ, ಬಳೆ, ಹಲ್ಲು ಎಲ್ಲವೂ ನನ್ನವೇ. ಮಾಡಿದ್ದು ಮಾತ್ರ ನೆನಪಿರಲಿಲ್ಲ. ಇಷ್ಟು ಸಲೀಸಾಗಿ ಮಾಡಿದ್ದು ನೆನಪಿನಲ್ಲಿ ಉಳಿಯುವುದಾದರೂ ಹೇಗೆ?

ಯಜಮಾನರಿಗೆ ತೋರಿಸಿದೆ. ‘ಮೊದಲನೇದೇ ಚೆನ್ನಾಗಿತ್ತು. ಇದನ್ಯಾಕೆ ಹಾಕೋಕೆ ಹೋಗ್ತೀಯ, ನಿನ್ ಮೊಣಕೈ ನೋಡು’ ಎಂದು ಟೀ ಲೋಟ ಎತ್ತಿಕೊಂಡು ಹೋದರು. ಆ ಹತ್ತು ಸೆಕೆಂಡನ್ನು ಕತ್ತರಿಸಿ ತೆಗೆಯೋಣವೆಂದರೆ ತಟ್ಟೆಯೇ ಹೋಗುತ್ತದೆ. ತಟ್ಟೆ ಇಲ್ಲದಿದ್ದರೆ ತವರಿನವರು ಹಸು ಬಾಡಿಗೆಗೆ ಬಿಡುವವರು ಎಂದಾಗುತ್ತದೆ. ಇಟ್ಟರೆ ನಾನು ಕಾಣುತ್ತೇನೆ, ನೆಂಟರಿಗೆಲ್ಲ, ತಮ್ಮನಿಗೂ.

ಮೂರು ವಾರವಾಯಿತು. ಮುನಿರಾಜು ವಾರಕ್ಕೊಮ್ಮೆ ಕೇಳುತ್ತಾನೆ. ‘ಇನ್ನೂ ಸರಿಹೋಗಿಲ್ಲ ಕಣಪ್ಪಾ, ಅಳತೆ ಹೊಂದ್ತಾ ಇಲ್ಲ’ ಎನ್ನುತ್ತೇನೆ. ಮೊದಲು ಮುಖ ಊದಿಸಿಕೊಂಡೇ ಮಾತಾಡುತ್ತಿದ್ದವನು ಬರಬರುತ್ತಾ ಮರುಗತೊಡಗಿದ. ನಿನ್ನೆ ಹೇಳಿದ: ‘ಪಾಪ, ನೀನೂ ಎಷ್ಟಂತ ಒದ್ದಾಡ್ತೀಯಕ್ಕ. ಮಿಷನ್ ಮಾಡಿದ ತಪ್ಗೆ ನಿನ್ ಮ್ಯಾಲೆ ಯಾಕೆ ಕ್ವಾಪ ಮಾಡ್ಕೊಳ್ಳಿ? ತಳಿ ಊರಾಗೆ ಕಂಪ್ಯೂಟ್ರು ರಿಪೇರಿ ಮಾಡೋರು ಒಬ್ರು ಗೊತ್ತವ್ರೆ. ಭಾನುವಾರ ಕರ್ಕೊಂಡೇ ಬತ್ತೀನಿ, ಅವರೇಕಾಯಿನೂ ತತ್ತೀನಿ.’

ಬಾ ಎಂದೆ. ಇವತ್ತು ಶುಕ್ರವಾರ. ಕಂಪ್ಯೂಟರ್ ಚೆನ್ನಾಗಿಯೇ ಇದೆ. ಭಾನುವಾರದೊಳಗೆ ಅದರಲ್ಲಿ ಏನನ್ನಾದರೂ ಕೆಡಿಸಿಡಬೇಕು.