ಎಡಕ್ಕೆ ವಾಲುವ ಕುತ್ತಿಗೆ

ಹೊಲಿಗೆ ಮಿಷನ್ ಮುಂದೆ ಕೂತು ಮಾನ ಕಳೆದುಕೊಳ್ಳುವುದು ನನಗೆ ಒಂದು ಸಲಕ್ಕೆ ಮುಗಿಯುವ ಕೆಲಸವಲ್ಲ, ವರ್ಷಕ್ಕೆ ಎರಡು ಸಲವಾದರೂ ಆಗುತ್ತಲೇ ಇರುತ್ತದೆ. ಆದಾಗೆಲ್ಲ ಇನ್ನು ಮುಂದೆ ಕತ್ತರಿ ಮುಟ್ಟುವುದಿಲ್ಲ ಎಂದು ಮನಸ್ಸಿನಲ್ಲೇ ಆಣೆ ಮಾಡುತ್ತೇನೆ. ಭಾನುವಾರ ಬಂದರೆ ಮತ್ತೆ ಮಿಷನ್ನಿನ ಮುಸುಕು ತೆಗೆಯುತ್ತೇನೆ.

ನಾನಿರುವುದು ಕೊಟ್ಟೂರಿನಲ್ಲಿ, ಹತ್ತಿರದ ಹಳ್ಳಿಯೊಂದರ ಶಾಲೆಯಲ್ಲಿ ಟೀಚರು. ಮನೆಯಲ್ಲಿ ಮೂರು ಟ್ರಂಕು ತುಂಬ ಬಟ್ಟೆ ಇದೆ. ಹೊಲಿದ ಬಟ್ಟೆಯಲ್ಲ, ಹೊಲಿಯಬೇಕಾದ ಬಟ್ಟೆ. ನಮ್ಮ ಕಡೆ ಯಾರ ಮನೆಯ ಕಾರ್ಯಕ್ಕೆ ಹೋದರೂ ಹೆಣ್ಣುಮಕ್ಕಳಿಗೆ ಉಡಿ ತುಂಬಿ, ಅಂದರೆ ಸೆರಗಿಗೆ ಅಕ್ಕಿ ಕೊಬ್ಬರಿ ಹಾಕಿ, ರವಿಕೆಗೆಂದು ಒಂದು ಜಂಪರ್ ಪೀಸು ಕೊಡುತ್ತಾರೆ. ಪಡೆದವರು ಅದನ್ನು ಬಿಚ್ಚಿ ನೋಡುವುದಿಲ್ಲ. ಅಂಗಡಿಯ ಮಡಿಕೆಯಲ್ಲೇ ಇಟ್ಟಿದ್ದು, ಮುಂದಿನ ಕಾರ್ಯದಲ್ಲಿ ಇನ್ನೊಬ್ಬರ ಉಡಿಗೆ ದಾಟಿಸುತ್ತಾರೆ. ಹೀಗೆ ಒಂದೊಂದು ಪೀಸು ಕೂಡ್ಲಿಗಿ, ಹಡಗಲಿ, ಹಗರಿಬೊಮ್ಮನಹಳ್ಳಿ ಎಲ್ಲ ಸುತ್ತಿ ಹಣ್ಣಾಗಿರುತ್ತದೆ. ನನ್ನ ಕೈಗೆ ಬಂದದ್ದು ಮಾತ್ರ ಟ್ರಂಕಿನಲ್ಲಿ ನಿಲ್ಲುತ್ತದೆ. ಇಷ್ಟನ್ನೂ ಯಾವ ಕಾಲಕ್ಕೆ ಹೊಲಿಯುತ್ತೀ ಎಂದು ಯಜಮಾನರು ಕೇಳಿದರೆ, ಒಂದಿಲ್ಲೊಂದು ದಿನ ಬೇಕಾಗುತ್ತದೆ ಎನ್ನುತ್ತೇನೆ.

ನನ್ನ ಹೊಲಿಗೆಗೆ ಇರುವ ದೊಡ್ಡ ದೋಷವನ್ನೂ ಇಲ್ಲೇ ಹೇಳಿಬಿಡುತ್ತೇನೆ. ನಾನು ಕತ್ತರಿಸಿದ ಜಂಪರಿನ ಕುತ್ತಿಗೆ ಎಡಕ್ಕೆ ವಾಲುತ್ತದೆ. ಮೂರು ತಿಂಗಳ ಹೊಲಿಗೆ ಕ್ಲಾಸಿಗೆ ನಾನು ಹೋದದ್ದು ಎರಡೇ ತಿಂಗಳು. ಕುತ್ತಿಗೆ ಕತ್ತರಿಸುವುದನ್ನು ಹೇಳಿಕೊಟ್ಟದ್ದು ಮೂರನೇ ತಿಂಗಳಲ್ಲಿ.

ಉಪ್ಪಿನ ಶಾಖ

ನಮ್ಮ ಶಾಲೆಯ ಇನ್ನೊಬ್ಬ ಟೀಚರಿಗೆ ಒಂದು ಕೇಸರಿ ಬಣ್ಣದ ಜಂಪರ್ ಹೊಲಿದು ಕೊಟ್ಟೆ. ಅವರು ಕೇಳಿರಲಿಲ್ಲ, ನಾನೇ ಮೇಲೆ ಬಿದ್ದು ಅಳತೆ ತೆಗೆದುಕೊಂಡಿದ್ದೆ. ಪಾಪ, ಒಳ್ಳೆಯ ಹೆಂಗಸು. ನನ್ನ ಮನಸ್ಸು ನೋಯಬಾರದು ಎಂದು ಆಗಸ್ಟ್ ಹದಿನೈದಕ್ಕೆ ಅದನ್ನೇ ತೊಟ್ಟುಕೊಂಡು ಬಂದರು.

ಕುತ್ತಿಗೆ ಎಡಕ್ಕೆ ಎರಡು ಬೆರಳು ವಾಲಿತ್ತು. ಅದು ನೆಟ್ಟಗೆ ಕಾಣಲಿ ಎಂದು ಅವರು ತಲೆಯನ್ನೇ ಎಡಕ್ಕೆ ವಾಲಿಸಿಕೊಂಡು ನಿಂತರು. ಬಾವುಟ ಏರುವಾಗ ಎಲ್ಲರೂ ತಲೆ ಎತ್ತಿ ನೋಡಿದರೆ ಅವರೊಬ್ಬರು ಓರೆಯಾಗಿ ನೋಡಿದರು. ಭಾಷಣ ಮುಗಿಯುವವರೆಗೂ ಹಾಗೇ ನಿಂತಿದ್ದರು. ಕೊನೆಗೆ ಹೆಡ್ ಮಾಸ್ತರು ಹತ್ತಿರ ಬಂದು, "ಏನ್ರಿ ಟೀಚರ, ಕುತ್ತಿಗಿ ಹಿಡಿದೈತೇನು?" ಎಂದು ಕೇಳಿದರು.

ಟೀಚರು ನನ್ನ ಮುಖ ನೋಡಿದರು. ನಿಜ ಹೇಳಬೇಕಾದವಳು ನಾನು. ಹೇಳಲಿಲ್ಲ. ಹೌದು ಸರ್, ಬೆಳಗಿನ ಥಂಡಿ ಗಾಳಿ ಎಂದುಬಿಟ್ಟೆ. ಹೆಡ್ ಮಾಸ್ತರು ಕನಿಕರದ ಮನುಷ್ಯ. ಆ ಕೂಡಲೇ ಬಿಸಿಯೂಟದ ಅಡುಗೆಯವರಿಗೆ ಹೇಳಿ ದೊಡ್ಡ ಬಾಣಲೆಯಲ್ಲಿ ಹರಳುಪ್ಪು ಹುರಿಸಿದರು. ಅದನ್ನು ಕಟ್ಟಲು ಒಂದು ತುಂಡು ಬಟ್ಟೆ ಬೇಕಾಯಿತು. ನನ್ನ ವ್ಯಾನಿಟಿ ಬ್ಯಾಗಿನಲ್ಲಿ ಯಾವಾಗಲೂ ತುಂಡು ಬಟ್ಟೆ ಇರುತ್ತದೆ, ತೆಗೆದು ಕೊಟ್ಟೆ. ನೋಡಿದರೆ ಅದೇ ಜಂಪರಿನಲ್ಲಿ ಉಳಿದ ಕೇಸರಿ ತುಂಡು.

ಶಾಖ ಕೊಡುವಾಗ ಅಡುಗೆಯವಳು ನೋಡಿ, "ಮ್ಯಾಚಿಂಗ್ ಬಾಳ ಚಲೋ ಆಗೈತ್ರಿ" ಅಂದಳು.

ಕೆಮ್ಮಿದ ಪರದೆ

ಒಮ್ಮೆ ದಾವಣಗೆರೆಯಲ್ಲಿ ಬೂದು ಬಣ್ಣಕ್ಕೆ ನೀಲಿ ಗೆರೆ ಇರುವ ಬಟ್ಟೆಯ ಇಡೀ ಥಾನೇ ಸೋವಿಯಲ್ಲಿ ಸಿಕ್ಕಿತು. ತಂದು ಕಿಟಕಿಗಳಿಗೆ ಪರದೆ ಹೊಲಿದೆ. ಬಟ್ಟೆ ಉಳಿಯಿತು. ದಿವಾನದ ಮೇಲೆ ಹಾಸಲು ಒಂದು ಹೊಲಿದೆ. ಇನ್ನೂ ಉಳಿಯಿತು. ಯಜಮಾನರಿಗೆ ಒಂದು ಅಂಗಿ ಹೊಲಿದೆ.

ಹರಪನಹಳ್ಳಿಯಿಂದ ಗಂಡಿನ ಕಡೆಯವರು ನಮ್ಮ ಮಗಳನ್ನು ನೋಡಲು ಬಂದ ದಿನ ಯಜಮಾನರು ಆ ಅಂಗಿಯನ್ನೇ ಹಾಕಿಕೊಂಡರು. ಹಾಕಿಕೊಂಡದ್ದಷ್ಟೇ ಅಲ್ಲ, ಸೆಕೆ ಎಂದು ಕಿಟಕಿಗೆ ಒರಗಿ ದಿವಾನದ ಮೇಲೆ ಕೂತರು. ಅವರು ಮೊದಲೇ ಮಾತು ಕಡಿಮೆಯ ಮನುಷ್ಯ, ಅಲ್ಲಾಡುವುದೂ ಕಡಿಮೆ. ಅವಲಕ್ಕಿ ತಿಂದಾಯಿತು, ಚಹಾ ಬಂತು. ಹುಡುಗನ ಅಜ್ಜ ಮನೆಯೆಲ್ಲ ಒಮ್ಮೆ ಕಣ್ಣಾಡಿಸಿ, "ಎಲ್ಲಾ ಸರಿ. ಹುಡುಗಿ ಅಪ್ಪ ಊರಾಗಿಲ್ಲೇನು?" ಎಂದು ಕೇಳಿದರು.

ಪರದೆ ಕೆಮ್ಮಿತು. ಅಜ್ಜ ಬೆಚ್ಚಿಬಿದ್ದು ಚಹಾವನ್ನು ಪಂಚೆಯ ಮೇಲೆ ಚೆಲ್ಲಿಕೊಂಡರು.

ನಾನು ನಾಚಿ ನೀರಾದೆ. ಹುಡುಗನ ತಾಯಿ, ಅಂದರೆ ಈಗಿನ ನನ್ನ ಬೀಗಿತ್ತಿ, ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದರು. ಮಾನ ಉಳಿಸಿಕೊಳ್ಳಲು ಏನಾದರೂ ಹೇಳಬೇಕಲ್ಲ, ನಮ್ಮ ಮನೆಯಲ್ಲಿ ಎಲ್ಲವನ್ನೂ ನಾನೇ ಕೈಯಾರೆ ಹೊಲಿಯುವುದು, ನಾಳೆ ಮಗಳ ಕುಬಸದ ಕಾರ್ಯ ಬಂದರೂ ಜಂಪರನ್ನು ದರ್ಜಿಗೆ ಕೊಡುವುದಿಲ್ಲ, ನನ್ನ ಟ್ರಂಕಿನ ಬಟ್ಟೆಯಲ್ಲಿ ನಾನೇ ಹೊಲಿದು ತರುತ್ತೇನೆ ಎಂದು ಜಂಬ ಕೊಚ್ಚಿಕೊಂಡೆ. ಬಸುರಿಗೆ ತವರಿನವರು ಹಸಿರು ಸೀರೆ, ಹಸಿರು ಜಂಪರ್ ತೊಡಿಸುವ ಕಾರ್ಯ ಅದು. ಇನ್ನೂ ಮದುವೆಯ ಮಾತೇ ಮುಗಿದಿರಲಿಲ್ಲ.

ಬೀಗಿತ್ತಿ ಸೆರಗು ತೆಗೆದು ಅಂದರು: "ಆಗ್ಲಿ, ನೀವೇ ಹೊಲ್ಕಂಬರ್ರಿ. ಆದ್ರೆ ನಮ್ಮ ಮನೆ ಗೋಡೆ ಬಣ್ಣ ಒಂದ್ಸಲ ನೋಡ್ಕಂಡು ಹೊಲೀರಿ. ಹುಡುಗಿ ನಮಗೆ ಕಾಣ್ಬೇಕು."

ಎದ್ದು ಕೊಟ್ಟ ಸೀಟು

ಮಗಳ ಮದುವೆಯಾಯಿತು. ಟ್ರಂಕು ಖಾಲಿಯಾಗುವವರೆಗೆ ಒಂದು ತುಂಡು ಬಟ್ಟೆಯೂ ಹೊಸ್ತಿಲು ದಾಟಿ ಒಳಗೆ ಬರಕೂಡದು ಎಂದು ಯಜಮಾನರು ಕಟ್ಟಪ್ಪಣೆ ಮಾಡಿದರು. ನಾನು ಒಪ್ಪಿದೆ. ಒಪ್ಪಿದ್ದು ನಿಜ.

ಮಗಳು ಬಸುರಿಯಾದಾಗ ಮಾತಾಡಿಸಲು ಹರಪನಹಳ್ಳಿಗೆ ಹೋದೆ. ಬರುವಾಗ ಬಸ್ ಸ್ಟ್ಯಾಂಡಿನ ದಾರಿಯಲ್ಲಿ ಒಂದು ಅಂಗಡಿಯವರು ಚೂರುಪಾರು ಬಟ್ಟೆ ಹರವಿಕೊಂಡು ಕೂತಿದ್ದರು. ಕಾಲು ನಿಂತುಬಿಟ್ಟವು. ಕೊಂಡೆ. ಕೊಟ್ಟೂರಿನಲ್ಲಿ ಯಜಮಾನರು ಬಸ್ಸಿಗೆ ಕಾಯುತ್ತಿರುತ್ತಾರೆ, ಚೀಲದಲ್ಲಿ ಇಟ್ಟರೆ ಸಿಕ್ಕಿಬೀಳುತ್ತೇನೆ. ಆದ್ದರಿಂದ ಮತ್ತೆ ಮಗಳ ಮನೆಗೆ ಹೋಗಿ, ಬಚ್ಚಲಿನಲ್ಲಿ ನಿಂತು ಬಟ್ಟೆಯನ್ನು ಹೊಟ್ಟೆಗೆ ಸುತ್ತಿಕೊಂಡು ಮೇಲೆ ಸೀರೆ ಉಟ್ಟೆ.

ಬಸ್ಸು ತುಂಬಿತ್ತು. ಕಂಬಿ ಹಿಡಿದು ನಿಂತ ನನ್ನನ್ನು ಒಬ್ಬ ಹೆಣ್ಣುಮಗಳು ನೋಡಿ, ತಟ್ಟನೆ ಎದ್ದು ಸೀಟು ಕೊಟ್ಟಳು. ಬೇಡವೆಂದರೂ ಕೇಳದೆ ಕೈ ಹಿಡಿದು ಕೂರಿಸಿದಳು. ವಯಸ್ಸಾದ ಮೇಲೆ ಆಗುವುದರಲ್ಲಿ ನಾಚಿಕೊಳ್ಳುವುದು ಏನೂ ಇಲ್ಲ, ದೇವರು ಕೊಟ್ಟಾಗ ತಗೋಬೇಕು ಎಂದು ಕಿವಿಯಲ್ಲಿ ಧೈರ್ಯ ಹೇಳಿದಳು. ನನಗೆ ಐವತ್ತೆರಡು ವರ್ಷ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅಷ್ಟರಲ್ಲಿ ಆಕೆ ಕಂಡಕ್ಟರಿಗೂ ಹೇಳಿ, ಹಂಪು ಬಂದಾಗೆಲ್ಲ ಬಸ್ಸು ಮೆಲ್ಲಗೆ ಇಳಿಯುವಂತೆ ಮಾಡಿದ್ದಳು. ಕೊಟ್ಟೂರು ಬರುವವರೆಗೂ ಅವಳು ಕೊಟ್ಟ ಪೇರಲಹಣ್ಣು ತಿನ್ನುತ್ತಾ ಕೂತಿದ್ದೆ.

ಇಳಿಯುವಾಗ ಆಕೆ ನನ್ನ ತೋಳು ಹಿಡಿದು ಇಳಿಸಿ, ಎದುರಿಗೆ ನಿಂತಿದ್ದ ಯಜಮಾನರಿಗೆ, "ಭಾರ ಎತ್ತಿಸಬ್ಯಾಡ್ರಿ, ಹುಷಾರಾಗಿ ನೋಡ್ಕೋರಿ" ಎಂದು ಒಪ್ಪಿಸಿದಳು.

ಯಜಮಾನರು ನನ್ನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿ ಕೇಳಿದರು: "ಎಷ್ಟು ಮೀಟರು?"

ಕುಬಸ

ಏಳನೇ ತಿಂಗಳಲ್ಲಿ ಮಗಳ ಕುಬಸದ ಕಾರ್ಯ ಬಂತು. ಬೀಗಿತ್ತಿ ಮಾತು ಮರೆತಿರಲಿಲ್ಲ. ಫೋನಿನಲ್ಲಿ, ಓಣಿಯ ಹೆಣ್ಣುಮಕ್ಕಳಿಗೆಲ್ಲ ಹೇಳಿದ್ದೇನೆ, ಎಲ್ಲರೂ ನಿಮ್ಮ ಕೈಯ ಜಂಪರ್ ನೋಡಲಿಕ್ಕೆ ಬರುತ್ತಾರೆ ಎಂದರು. ಮಗಳು ಬಾಳುವ ಮನೆಯಲ್ಲಿ, ಅವಳ ಅತ್ತೆಯ ಮುಂದೆ ನನ್ನ ಕೈಕೆಲಸ ಕೆಟ್ಟರೆ ಮಾತು ಕೇಳುವವಳು ಅವಳು.

ಟ್ರಂಕಿನಿಂದ ಒಳ್ಳೆಯ ಹಸಿರು ಪೀಸು ತೆಗೆದೆ. ಮಗಳ ಮದುವೆಯ ಜಂಪರನ್ನು ಅಳತೆಗೆ ಇಟ್ಟುಕೊಂಡೆ. ಕುತ್ತಿಗೆಯನ್ನು ಮೂರು ಸಲ ಗೆರೆ ಹಾಕಿ, ಉಸಿರು ಬಿಗಿಹಿಡಿದು ಕತ್ತರಿಸಿದೆ. ನನ್ನ ಜೀವಮಾನದಲ್ಲಿ ಮೊದಲ ಸಲ ಅದು ನೆಟ್ಟಗೆ ಬಂತು. ಆ ಖುಷಿಯಲ್ಲಿ, ಬಸುರಿಗೆ ಮದುವೆಯ ಅಳತೆ ಸಾಲುವುದಿಲ್ಲ ಎನ್ನುವುದು ನನ್ನ ತಲೆಗೇ ಬರಲಿಲ್ಲ.

ಕಾರ್ಯದ ದಿನ ಬುತ್ತಿ ಕಟ್ಟಿಕೊಂಡು ಹರಪನಹಳ್ಳಿಗೆ ಹೋದೆವು. ಪಡಸಾಲೆಯಲ್ಲಿ ಹೆಣ್ಣುಮಕ್ಕಳು ಕೂತಿದ್ದಾರೆ, ಬಳೆಗಾರರು ಹಸಿರು ಬಳೆ ಬಿಚ್ಚಿ ಕಾಯುತ್ತಿದ್ದಾರೆ. ಒಳಗೆ ಮಗಳಿಗೆ ಜಂಪರ್ ತೊಡಿಸಿದರೆ ಮುಂದೆ ನಾಲ್ಕು ಬೆರಳು ಕೂಡುತ್ತಿಲ್ಲ. ಯಾವ ದರ್ಜಿಯಾದರೂ ಮುಂದೆ ಬಿಚ್ಚಿ ದೊಡ್ಡದು ಮಾಡಲು ಬರಲಿ ಎಂದು ಹೊಲಿಗೆಯ ಒಳಗೆ ಒಂದಿಷ್ಟು ಬಟ್ಟೆ ಬಿಟ್ಟಿರುತ್ತಾನೆ. ನಾನು ಅದನ್ನೂ ಬಿಟ್ಟಿರಲಿಲ್ಲ. ತುಂಡು ಉಳಿದರೆ ಮುಂದೆ ಬೇಕಾಗುತ್ತದೆ ಎಂದು ಅಂಚಿನವರೆಗೂ ಕತ್ತರಿಸಿ, ಮಡಚಿ ಟ್ರಂಕಿನಲ್ಲಿ ಇಟ್ಟಿದ್ದೆ. ಟ್ರಂಕು ಕೊಟ್ಟೂರಿನಲ್ಲಿತ್ತು. ಮಗಳ ಕಣ್ಣಲ್ಲಿ ನೀರು ತುಂಬಿತು. ನನಗೂ ಅಳು ಬಂತು. ಮೂರು ಟ್ರಂಕು ಬಟ್ಟೆ ಕೂಡಿಟ್ಟವಳ ಮಗಳಿಗೆ ನಾಲ್ಕು ಬೆರಳು ಬಟ್ಟೆ ಗತಿಯಿರಲಿಲ್ಲ.

ಬೀಗಿತ್ತಿ ಬಂದು ನೋಡಿದರು. ಬೈಯಲಿಲ್ಲ, ನಗಲೂ ಇಲ್ಲ. ಪಕ್ಕದ ಮನೆಯಲ್ಲಿ ಮಿಷನ್ ಇದೆ, ತಮ್ಮ ಹತ್ತಿರ ಇದೇ ಹಸಿರಿನ ಪೀಸು ಇದೆ, ಎರಡೂ ಬಗಲಿಗೆ ಪಟ್ಟಿ ಕೊಟ್ಟರೆ ಆಯಿತು ಎಂದು ಅಲಮಾರಿಯಿಂದ ಒಂದು ಪೀಸು ತಂದರು. ಹೋದ ತಿಂಗಳು ಹಡಗಲಿಯ ಅವರ ತಂಗಿ ಉಡಿಗೆ ಹಾಕಿದ್ದಂತೆ, ತಂಗಿಗೆ ಹಗರಿಬೊಮ್ಮನಹಳ್ಳಿಯ ಒಂದು ಮದುವೆಯಲ್ಲಿ ಬಂದದ್ದಂತೆ. ಅಂಗಡಿಯ ಮಡಿಕೆ ಇನ್ನೂ ಮುರಿದಿರಲಿಲ್ಲ. ನಾನು ಮನಸ್ಸಿನಲ್ಲೇ ಆ ತಾಯಿಯ ಕಾಲಿಗೆ ಬಿದ್ದೆ. ಅವರು ಪೀಸನ್ನು ಕೊಡವಿ ಬಿಚ್ಚಿದರು.

ನಡುವೆ ದೊಡ್ಡದೊಂದು ತೂತು. ಯಾರೋ ಕುತ್ತಿಗೆ ಕತ್ತರಿಸಿ, ಮತ್ತೆ ಮಡಚಿ ಇಟ್ಟಿದ್ದರು.

ಕತ್ತರಿ ಬಿದ್ದ ಬಟ್ಟೆಯನ್ನು ಯಾರೂ ಉಡಿಗೆ ಹಾಕುವುದಿಲ್ಲ, ಅದು ಅಪಶಕುನ. ಬೀಗಿತ್ತಿಗೆ ಸಿಟ್ಟು ನೆತ್ತಿಗೇರಿತು. ಇದನ್ನು ಮೊದಲು ಉಡಿಗೆ ಹಾಕಿದವಳು ಯಾವಳೋ, ಅವಳಿಗೆ ನಾಚಿಕೆ ಮಾನ ಮರ್ಯಾದೆ ಏನಾದರೂ ಇದೆಯಾ ಎಂದರು. ಬಾಗಿಲಲ್ಲಿ ನಿಂತ ನಾಲ್ಕು ಹೆಣ್ಣುಮಕ್ಕಳೂ ದನಿಗೂಡಿಸಿದರು.

ನನಗೆ ನೆನಪಾಯಿತು. ಮೂರು ವರ್ಷದ ಹಿಂದೆ ಕುತ್ತಿಗೆ ಕೆಡಿಸಿ, ಯಾರಿಗೂ ಕಾಣದಿರಲಿ ಎಂದು ಇದ್ದ ಮಡಿಕೆಯಲ್ಲೇ ಮಡಚಿ ಟ್ರಂಕಿನ ತಳಕ್ಕೆ ತಳ್ಳಿದ್ದ ಪೀಸು. ಕೂಡ್ಲಿಗಿಯ ಒಂದು ಗೃಹಪ್ರವೇಶಕ್ಕೆ ಅವಸರದಲ್ಲಿ ಹೊರಟಾಗ, ಅಪರೂಪಕ್ಕೆ ನಾನೂ ಕೈಗೆ ಸಿಕ್ಕ ಒಂದು ಪೀಸನ್ನು ಬಿಚ್ಚಿ ನೋಡದೆ ಉಡಿಗೆ ದಾಟಿಸಿದ್ದೆ. ಅದು ಇದೇ.

ಆಗಲಾದರೂ ಒಪ್ಪಿಕೊಳ್ಳಬೇಕಿತ್ತು. ಅದು ಬಿಟ್ಟು, ಎಲ್ಲರಿಗಿಂತ ಜೋರು ದನಿಯಲ್ಲಿ, "ಹೌದ್ ಬಿಡ್ರಿ, ಅಂಥವ್ರನ್ನ ಕಾರ್ಯಕ್ಕ ಕರೀಲೇಬಾರ್ದು" ಅಂದೆ.

ಮಗಳು ಆ ಬಟ್ಟೆಯನ್ನು ತೆಗೆದುಕೊಂಡು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. ಹುಟ್ಟಿದಾಗಿನಿಂದ ನಾನು ಹೊಲಿದದ್ದನ್ನೇ ತೊಟ್ಟು ಬೆಳೆದವಳು. ತೂತು ಎಡಕ್ಕೆ ಎರಡು ಬೆರಳು ವಾಲಿತ್ತು.

"ಅವ್ವಾ," ಅಂದಳು, "ಇದು ನಿನ್ನ ಕುತ್ತಿಗಿ."

ನಾನು ನೆಲ ನೋಡುತ್ತಾ, ಹೌದು, ನಂದೇ ಎಂದೆ. ಬೀಗಿತ್ತಿಯ ಮುಖವೂ ಸಣ್ಣದಾಯಿತು. "ಬೀಗರೇ, ನಾನೇನ್ ಹೇಳ್ಲಿ," ಅಂದರು. "ಇವತ್ತು ಸಂಜಿಗೆ ನಿಮ್ಮ ಉಡಿಗೆ ಹಾಕಾಕೆ ಅಂತ ಇದನ್ನೇ ತೆಗೆದಿಟ್ಟಿದ್ದೆ."

ಮೊದಲು ನಕ್ಕವಳು ಮಗಳು. ನಗುವಾಗ, ಮೇಲುಗಡೆ ಹೇಗೋ ಎಳೆದು ಹಾಕಿದ್ದ ಒಂದೇ ಒಂದು ಹುಕ್ಕು ಕಿತ್ತು, ಜಂಪರ್ ಇನ್ನೂ ಎರಡು ಬೆರಳು ಬಿಟ್ಟುಕೊಂಡಿತು. ನಾನು ಪಕ್ಕದ ಮನೆಗೆ ಓಡಿ, ಆ ಕೆಟ್ಟ ಪೀಸಿನಿಂದಲೇ ಎರಡು ಪಟ್ಟಿ ಕತ್ತರಿಸಿ ಬಗಲಿಗೆ ಹೊಲಿದೆ. ಬೀಗಿತ್ತಿ ನನ್ನ ಬೆನ್ನ ಹಿಂದೆಯೇ ನಿಂತು, ಕುತ್ತಿಗೆಗೆ ಮಾತ್ರ ಕೈ ಹಚ್ಚಬೇಡಿ ಎಂದು ಮೂರು ಸಲ ಹೇಳಿದರು. ಮಗಳು ಮಣೆಯ ಮೇಲೆ ಕೂತು, ಪಟ್ಟಿ ಕಾಣದಷ್ಟೇ ಕೈ ಎತ್ತಿ ಬಳೆ ಇಡಿಸಿಕೊಂಡಳು. ಚೆಂದ ಕಾಣುತ್ತಿದ್ದಳು.

ಹೊರಡುವಾಗ ಬೀಗಿತ್ತಿ ನನಗೆ ಉಡಿ ತುಂಬಿದರು. ಅಕ್ಕಿ, ಕೊಬ್ಬರಿ, ಎಲೆ ಅಡಿಕೆ ಹಾಕಿದ ಮೇಲೆ ಬೇರೊಂದು ಪೀಸು ತಂದು, ಪೂರ್ತಿ ಬಿಚ್ಚಿ, ಹಿಂದೆ ಮುಂದೆ ಎಲ್ಲರಿಗೂ ತೋರಿಸಿ, ಮತ್ತೆ ಮಡಚಿ ನನ್ನ ಸೆರಗಿಗೆ ಹಾಕಿದರು.

ಸುದ್ದಿ ನನಗಿಂತ ಮೊದಲೇ ಎಲ್ಲ ಊರುಗಳನ್ನೂ ಮುಟ್ಟಿತು. ಈಗ ಕೂಡ್ಲಿಗಿಯಿರಲಿ, ಹಡಗಲಿಯಿರಲಿ, ನಾನು ಉಡಿ ತುಂಬಲು ಹೋದರೆ ಹೆಣ್ಣುಮಕ್ಕಳು ತಕ್ಷಣ ಸೆರಗು ಒಡ್ಡುವುದಿಲ್ಲ. ಮೊದಲು ಪೀಸು ಬಿಚ್ಚಿ ಬೆಳಕಿಗೆ ಹಿಡಿದು ನೋಡುತ್ತಾರೆ. ನಾನು ಅಕ್ಕಿ ಹಿಡಿದುಕೊಂಡು, ತಲೆಯನ್ನು ಎಡಕ್ಕೆ ವಾಲಿಸಿ ಕಾಯುತ್ತಿರುತ್ತೇನೆ.