ನಾಲ್ಕನೇ ಸೊನ್ನೆಯ ಸುಳ್ಳು

ನನ್ನ ಹೆಂಡತಿಯ ಪ್ರಕಾರ ನನಗೆ ಹೇಳುವುದೂ ಒಂದೇ, ಗೋಡೆಗೆ ಹೇಳುವುದೂ ಒಂದೇ. (ಗೋಡೆಯಾದರೂ ಪೇಪರ್ ಓದುತ್ತಾ ಕೂರುವುದಿಲ್ಲ ಎಂಬುದು ಆಕೆಯದೇ ತಿದ್ದುಪಡಿ.) ಇಪ್ಪತ್ತೆರಡು ವರ್ಷದಿಂದ ಟೆಲಿಫೋನ್ ಕಚೇರಿಯಲ್ಲಿ ಫೈಬರ್ ಯಂತ್ರಗಳನ್ನು ಕಾಯುತ್ತಾ, ಲಕ್ಷಾಂತರ ಜನರ ಮಾತನ್ನು ಊರಿಂದೂರಿಗೆ ದಾಟಿಸುವವನಿಗೆ ಇಂಥ ಅವಮಾನ!

ಪರಿಹಾರ ಆ ಯಂತ್ರದ ಮುಂದೆಯೇ ಹೊಳೆಯಿತು. ಅದಕ್ಕೆ ಬರುವ ತಂತಿಯಲ್ಲಿ ಮಾತೆಲ್ಲ ಒಂದು, ಸೊನ್ನೆಗಳಾಗಿ ಹರಿಯುತ್ತದೆ. ಒಂದು ಎಂದರೆ ಮಿಡಿತ, ಸೊನ್ನೆ ಎಂದರೆ ಮೌನ. ಮೌನ ಉದ್ದವಾದರೆ ಆಚೆ ತುದಿಯ ಯಂತ್ರಕ್ಕೆ ತಾಳ ತಪ್ಪುತ್ತದೆ. ಅದಕ್ಕೇ ಸಾಲಾಗಿ ನಾಲ್ಕು ಸೊನ್ನೆ ಬಂದರೆ ನಾಲ್ಕನೆಯದರ ಜಾಗಕ್ಕೆ ಒಂದು ಸುಳ್ಳು ಮಿಡಿತ ತುರುಕುತ್ತೇವೆ. ಸಂಸಾರಕ್ಕೂ ಇದೇ ಮದ್ದು ಎಂದುಕೊಂಡೆ.

ಅಂದಿನಿಂದ ಆಕೆ ಮಾತಾಡುವಾಗ ಮೂರು ಉಸಿರು ಸುಮ್ಮನಿದ್ದು, ನಾಲ್ಕನೆಯದಕ್ಕೆ "ಹೌದಾ?", "ಛೇ ಛೇ!", "ಸರಿ ಬಿಡು" ಇವುಗಳಲ್ಲೊಂದನ್ನು ಸರದಿಯಂತೆ ಉದುರಿಸತೊಡಗಿದೆ. ಕಣ್ಣು ಪೇಪರಿನಲ್ಲೇ. ಮೂರನೇ ದಿನಕ್ಕೆ ಕೇಳದೆಯೇ ಎರಡನೇ ಲೋಟ ಕಾಫಿ ಬಂತು!

"ಇದ್ದಕ್ಕಿದ್ದ ಹಾಗೆ ಇಷ್ಟು ಚೆನ್ನಾಗಿ ಕೇಳಿಸ್ಕೊಳ್ತಿದ್ದೀರಲ್ಲ, ಏನ್ರೀ ಸಮಾಚಾರ?"

"ಎಲ್ಲಾ ಕಚೇರಿ ಕಲಿಸಿದ ಶಿಸ್ತು ಕಣೇ," ಎಂದು ಉಬ್ಬಿಹೋಗಿ, ಪೇಪರಿನ ಅಂಚಿನಲ್ಲಿ ಸೊನ್ನೆ ಬರೆದು ತಂತಿಯ ರಹಸ್ಯವನ್ನು ಬೋಧಿಸಿದೆ. (ಮನೆಯ ಪ್ರಯೋಗದ ಸುದ್ದಿ ಎತ್ತಲಿಲ್ಲ. ಅಷ್ಟು ಪೆದ್ದನಲ್ಲ ನಾನು.)

"ಆ ಸುಳ್ಳು ಮಿಡಿತ ಆಚೆ ಹೋಗಿ ಏನಾಗತ್ತೆ?"

"ಆಚೆ ಯಂತ್ರ ಅದನ್ನ ಗುರುತಿಸಿ ಎಸೆದುಬಿಡತ್ತೆ. ಅದಕ್ಕೆ ಅರ್ಥಾನೇ ಇಲ್ವಲ್ಲ!"

"ಓಹೋ," ಎಂದವಳು ಬೆರಳು ಮಡಿಸಿ ನಾಲ್ಕರವರೆಗೆ ಎಣಿಸುತ್ತಾ ಅಡುಗೆಮನೆಗೆ ಹೋದಳು. ಶಿಷ್ಯೆಯ ಶ್ರದ್ಧೆಗೆ ಮೆಚ್ಚಿದೆ.

ಶನಿವಾರ ಬೆಳಿಗ್ಗೆ ರಾತ್ರಿ ಪಾಳಿ ಮುಗಿಸಿ ಮನೆಗೆ ಬಂದರೆ ನನ್ನ ಕೋಣೆಯ ಸಾಮಾನೆಲ್ಲ ಮೆಟ್ಟಿಲ ಮೇಲೆ! ಕೆಟ್ಟ ಫೈಬರ್ ಯಂತ್ರಗಳನ್ನು ಬಿಚ್ಚಿ ಜೋಡಿಸುತ್ತಾ ನಾನು ನೆಮ್ಮದಿಯಾಗಿರುವ ಜಾಗ ಈ ಮನೆಯಲ್ಲಿ ಅದೊಂದೇ. ಈಗ ಅಲ್ಲಿ, ನನ್ನ ಕುರ್ಚಿಯಲ್ಲೇ, ಟ್ರಂಪೆಟ್ ಹಿಡಿದು ಕೂತಿದ್ದ ನನ್ನ ಷಡ್ಡಕ, ಅಂದರೆ ಹೆಂಡತಿಯ ಅಕ್ಕನ ಗಂಡ. ಅವನ ಅಭ್ಯಾಸ ತಾಳಲಾರದೆ ಅವನ ಬೀದಿಯವರೆಲ್ಲ ಸೇರಿ ಅರ್ಜಿಗೆ ಸಹಿ ಹಾಕಿದ್ದರಂತೆ.

"ಇದಕ್ಕೆ ನಾನು ಯಾವಾಗ ಒಪ್ಪಿದೆ?"

"ಮಂಗಳವಾರ. ಭಾವಂಗೆ ಬೆಳಗಿನ ಹೊತ್ತು ಕೋಣೆ ಬಿಟ್ಕೊಡೋಣ್ವಾ ಅಂದೆ. 'ಸರಿ ಬಿಡು' ಅಂದ್ರಿ."

ಅದು ಸುಳ್ಳು ಮಿಡಿತ ಎನ್ನಲು ಬಾಯಿ ತೆರೆದೆ. ಹಾಗೆಂದರೆ ಇಷ್ಟು ದಿನ ಕಿವಿಗೊಟ್ಟಿರಲಿಲ್ಲ ಎಂದು ಒಪ್ಪಿಕೊಂಡಂತೆ. ಮುಚ್ಚಿದೆ. ಬಿಸಿ ತುಪ್ಪ, ನುಂಗಲೂ ಆಗದು, ಉಗುಳಲೂ ಆಗದು. ಕೊನೆಗೆ ಇದ್ದಬದ್ದ ಧೈರ್ಯವನ್ನೆಲ್ಲ ಒಟ್ಟುಮಾಡಿ ಅರಚಿದೆ: "ಆಗಲ್ಲ! ನನ್ನ ಕೋಣೆ ನಾನು ಕೊಡಲ್ಲ!"

ಹೆಂಡತಿ ಅಷ್ಟರವರೆಗೆ ಎಣಿಸುತ್ತಾ ಮಡಿಸಿದ್ದ ನಾಲ್ಕು ಬೆರಳು ಬಿಡಿಸಿದಳು. "ಮೂರು ಉಸಿರು ಸುಮ್ಮನಿದ್ದು ನಾಲ್ಕನೇದಕ್ಕೆ ಬಾಯಿ ಬಿಟ್ರಿ. ಇದು ಸುಳ್ಳು. ಎಸೆದೆ."

ಷಡ್ಡಕ ಊದತೊಡಗಿದ. ಕಿಟಕಿಯ ಗಾಜು ಗಡಗಡ ನಡುಗಿತು.

"ಭಾವ ಚೆನ್ನಾಗಿ ಊದ್ತಾರೆ, ಅಲ್ವೇನ್ರೀ?"

ನನಗೆ ಮೈಯೆಲ್ಲ ಉರಿಯಿತು. ಅರೆ ಉಸಿರೂ ಕಾಯದೆ ಹಲ್ಲು ಕಡಿದೆ: "ಅದ್ಭುತ! ಸಾಕ್ಷಾತ್ ಗಂಧರ್ವ! ದಿನವಿಡೀ ಊದಿದ್ರೂ ಸಾಲದು!"

"ನೋಡಿ, ಇದು ಥಟ್ಟಂತ ಬಂತು. ಇದು ನಿಜ," ಎಂದ ಹೆಂಡತಿ ಕೋಣೆಯೊಳಗೆ ತಲೆ ಹಾಕಿದಳು. "ಭಾವಾ, ಸಂಜೆನೂ ಬಂದ್ಬಿಡಿ. ಇವರೇ ಹೇಳ್ತಿದ್ದಾರೆ."