ಮಾವನ ಗಾಡಿ ತಲೆ ಅಲ್ಲಾಡಿಸಿದ್ದು

ಹೆಂಡತಿಯನ್ನು ತವರಿಗೆ ಹೋಗುವ ಬಸ್ಸಿನಲ್ಲಿ ಕೂರಿಸಿ, ಅದೇ ಬಸ್ಸಿನ ಹಿಂದೆ ಒಬ್ಬರೇ ಬೈಕಿನಲ್ಲಿ ಹೋಗುವ ಗಂಡಸು ಇಡೀ ಕರ್ನಾಟಕದಲ್ಲಿ ಒಬ್ಬರೇ ಇರಬೇಕು. ಅವರು ನಮ್ಮ ಸೋದರಮಾವ! ಅಂಥವರು ಬೇರೆ ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ, ಇಬ್ಬರಿಗೂ ಪರಿಚಯ ಮಾಡಿಸುತ್ತೇನೆ. ನಮ್ಮ ಮಾವನ ಮಾತು ಕೇಳಿಸಿಕೊಳ್ಳುವ ಜನ ಚಳ್ಳಕೆರೆಯಲ್ಲಿ ಮುಗಿದುಹೋಗಿದ್ದಾರೆ.

ಮಾವ ಎಣ್ಣೆ ಮಿಲ್ಲಿನಲ್ಲಿ ಮೇಸ್ತ್ರಿ. ಅತ್ತೆಯ ತವರು ಮೊಳಕಾಲ್ಮೂರು, ಅವರ ತಮ್ಮ ಅಲ್ಲಿ ರೇಷ್ಮೆ ಸೀರೆ ನೇಯುತ್ತಾನೆ. ಹೆಣ್ಣುಮಕ್ಕಳ ಮದುವೆ ಮುಗಿದ ಮೇಲೆ ಮಾವ ದೊಡ್ಡದೊಂದು ಟೂರಿಂಗ್ ಬೈಕು ಕೊಂಡರು. ಮುಂದೆ ಎತ್ತರದ ಗಾಜು, ಅಕ್ಕಪಕ್ಕ ಪೆಟ್ಟಿಗೆಗಳು. ನಿಲ್ಲಿಸಲು ಒಂದು ಎಮ್ಮೆ ಕಟ್ಟುವಷ್ಟು ಜಾಗ ಬೇಕು. ಅತ್ತೆಯನ್ನು ಹಿಂದೆ ಕೂರಿಸಿಕೊಂಡು ಮೊದಲು ಮೊಳಕಾಲ್ಮೂರು, ಆಮೇಲೆ ಹಂಪಿ, ಆಮೇಲೆ ಗೋಕರ್ಣ, ಕೊನೆಗೆ ಕನ್ಯಾಕುಮಾರಿ ಎಂದು ಅವರ ಲೆಕ್ಕಾಚಾರ. ಮೊದಲನೆಯದಕ್ಕೇ ವಿಘ್ನ ಬಂತು. ತಳಕಿನ ಹತ್ತಿರ ರಸ್ತೆಯಲ್ಲಿ ಚೆಲ್ಲಿದ್ದ ಮರಳಿನ ಮೇಲೆ ಗಾಡಿ ಜಾರಿ ಇಬ್ಬರೂ ಬಿದ್ದರು. ಅತ್ತೆಯ ಮೊಣಕೈ ತರಚಿತು, ಬಳೆ ಒಡೆದವು, ಅಷ್ಟೇ. ಗಾಯ ಮಾಗಿದ ಮೇಲೆ ಮತ್ತೆ ಹೊರಟರು. ಬಿ.ಜಿ. ಕೆರೆ ಬರುವಷ್ಟರಲ್ಲಿ ಅತ್ತೆ ಗಾಡಿ ನಿಲ್ಲಿಸಲು ಹೇಳಿ ಇಳಿದೇಬಿಟ್ಟರು.

"ಈ ಗಾಡಿ ತಲೆ ಅಲ್ಲಾಡಿಸ್ತೈತೆ ಕಣ್ರೀ. ಅದು ನಿಲ್ಲೋವರ್ಗೂ ನಾನು ಹತ್ತಲ್ಲ" ಅಂದವರೇ ಹಿಂದೆ ಬಂದ ಬಸ್ಸಿಗೆ ಕೈ ಅಡ್ಡ ಹಾಕಿ ಹತ್ತಿಕೊಂಡು ಹೋದರು.

ಹ್ಯಾಂಡಲ್ ಅಲ್ಲಾಡಿದ್ದು ಸುಳ್ಳಲ್ಲ, ಮಾವನಿಗೂ ಅದು ಗೊತ್ತಾಗಿತ್ತು. ಕೊಟ್ಟ ಕಂಪನಿಯವರಿಗೆ ತೋರಿಸಿದರೆ, ಚಕ್ರ ತಿರುಗಿಸಿ ನೋಡಿ, ಏನೂ ತೊಂದರೆ ಇಲ್ಲವೆಂದು ಕಳಿಸಿದರು. ಇಂಥ ಉತ್ತರ ಕೇಳಿ ಸುಮ್ಮನಿರುವ ಜಾತಿಯೇ ನಮ್ಮ ಮಾವ? ಅತ್ತೆಯನ್ನು ಮತ್ತೆ ಆ ಸೀಟಿನ ಮೇಲೆ ಕೂರಿಸುವುದೇ ಅವತ್ತಿನಿಂದ ಅವರ ಬಾಳಿನ ಏಕೈಕ ಗುರಿಯಾಯಿತು.

ಅಲ್ಲಿಯವರೆಗೆ ಈ ಬಸ್ಸಿನ ಮೆರವಣಿಗೆ. ಅತ್ತೆ ಕಿಟಕಿ ಪಕ್ಕ, ಮಾವ ಬಸ್ಸಿನ ಹಿಂದೆ. ಬಸ್ಸು ನಿಂತರೆ ಮಾವನೂ ನಿಲ್ಲಬೇಕು. ಹೊಸ ಕಂಡಕ್ಟರೊಬ್ಬ ಗಾಬರಿಯಾಗಿ, ಇವರು ಟಿಕೆಟ್ ತಪಾಸಣೆಗೆ ಬಂದವರೆಂದು ತಿಳಿದು, ಹಾದಿಯುದ್ದಕ್ಕೂ ಒಂದು ರೂಪಾಯಿ ಚಿಲ್ಲರೆಯನ್ನೂ ಬಿಡದೆ ಎಲ್ಲರಿಗೂ ವಾಪಸು ಕೊಟ್ಟನಂತೆ! ಮೊಳಕಾಲ್ಮೂರಲ್ಲಿ ಬಾಮೈದ ಬಸ್‌ಸ್ಟ್ಯಾಂಡಿಗೇ ಬಂದು ನಿಂತು, "ಏಂ ಬಾವಾ, ಬಸ್ಸುಕಿ ಕಾಪಲಾ?" ಎಂದು ತೆಲುಗಿನಲ್ಲಿ ಕಿಚಾಯಿಸುತ್ತಿದ್ದ. ಬಸ್ಸಿಗೆ ಕಾವಲು ಬಂದೆಯಾ ಎಂದು ಅರ್ಥ. ಮಾವ ಮಾತ್ರ ಗಂಭೀರವಾಗಿ ಹೆಲ್ಮೆಟ್ ತೆಗೆದು, ಬಸ್ಸಿನ ಡ್ರೈವರು ತಿರುವಿನಲ್ಲಿ ಮಾಡಿದ ತಪ್ಪುಗಳನ್ನು ವಿವರಿಸುತ್ತಿದ್ದರು.

ಇನ್ನು ಗಾಡಿಯ ಚಿಕಿತ್ಸೆ. ಮೊದಲು ಕೊರಿಯರಿನಲ್ಲಿ ಒಂದು ಅಡ್ಡಪಟ್ಟಿ ಬಂತು. ಮುಂದಿನ ಚಕ್ರದ ಎರಡೂ ಕಡೆಯ ಶಾಕ್ ಕೊಳವೆಗಳನ್ನು ಸೇರಿಸಿ ಬಿಗಿಯುವ ಪಟ್ಟಿ ಅದು. ಅತ್ತೆ ಅದನ್ನು ತಿರುಗಿಸಿ ನೋಡಿ, ತಮಗೆ ಡಾಕ್ಟರು ಬರೆದುಕೊಟ್ಟ ಮೊಣಕಾಲು ಪಟ್ಟಿ ತರಲು ಮರೆತವರು ಗಾಡಿಗೆ ಮರೆಯದೆ ತರಿಸಿದ್ದಾರೆ ಎಂದರು. ಮಾವ ಅವತ್ತೇ ಮೆಡಿಕಲ್ ಸ್ಟೋರಿಗೆ ಓಡಿದರು. ಪಟ್ಟಿ ಬಿಗಿದ ಮೇಲೆ ಅತ್ತೆಯನ್ನು ಒಪ್ಪಿಸಿ, ಹಿಂದೆ ಕೂರಿಸಿಕೊಂಡು ಬೀದಿಯ ತುದಿಯವರೆಗೆ ಹೋಗಿ ಬಂದರು; ಗಾಡಿ ತಲೆ ಅಲ್ಲಾಡಿಸುವುದು ನಿಲ್ಲಲಿಲ್ಲ.

ಆಮೇಲೆ ಬಂದದ್ದು ಸ್ಟೀರಿಂಗ್ ಡ್ಯಾಂಪರ್. ಬ್ಯಾಂಕಿನ ಬಾಗಿಲು ದೂಡಿ ಬಿಟ್ಟರೆ ದಡಾರನೆ ಬಡಿಯದೆ ಮೆಲ್ಲಗೆ ಮುಚ್ಚಿಕೊಳ್ಳುತ್ತದಲ್ಲ, ಅದೇ ಉಪಾಯ. ಒಳಗೆ ಎಣ್ಣೆ ತುಂಬಿದ ಗೇಣುದ್ದದ ಕೊಳವೆ; ಹ್ಯಾಂಡಲ್ ಗಡಗಡ ಅಂದರೆ ಅದನ್ನು ಹಿಡಿದುಕೊಳ್ಳುತ್ತದೆ. ಇದನ್ನು ಮಾವ ನನಗೆ, ಪಕ್ಕದ ಮನೆಯವರಿಗೆ, ಹಾಲು ಹಾಕುವವನಿಗೆ, ಕೊನೆಗೆ ಬ್ಯಾಂಕಿಗೇ ಹೋಗಿ ಬಾಗಿಲು ತೆಗೆದು ಮುಚ್ಚಿ ಅಲ್ಲಿನ ಸೆಕ್ಯೂರಿಟಿಯವನಿಗೂ ವಿವರಿಸಿದ್ದಾರೆ. ಡ್ಯಾಂಪರನ್ನು ಎಷ್ಟು ಬಿಗಿ ಇಡಬೇಕೆಂದು ತಿರುಗಿಸಲು ಒಂದು ಗುಂಡಿ ಇತ್ತು. ಕಡಿಮೆ ಬಿಗಿ ಇಡಲು ಇವರಿಗೆ ಮನಸ್ಸಾದರೂ ಹೇಗೆ ಬರಬೇಕು? ತುದಿಯವರೆಗೆ ತಿರುಗಿಸಿ ಹೊರಟರು. ಹಾನಗಲ್ ಕ್ರಾಸಿನಲ್ಲಿ ಮೊಳಕಾಲ್ಮೂರಿಗೆ ಬಲಕ್ಕೆ ತಿರುಗಬೇಕು. ಅತ್ತೆ ಕೂತಿದ್ದ ಬಸ್ಸು ತಿರುಗಿತು. ಮಾವನ ಹ್ಯಾಂಡಲ್ ಜಗ್ಗಲಿಲ್ಲ! ಬಳ್ಳಾರಿ ರಸ್ತೆಯಲ್ಲಿ ನೆಟ್ಟಗೆ ಹೋದವರು ರಾಂಪುರದಿಂದ ಫೋನ್ ಮಾಡಿದರು.

"ಲೇ ಅಳಿಯ, ಗಾಡಿ ಅಂದ್ರೆ ಗಾಡಿ. ನೂಲು ಹಿಡ್ದಂಗೆ ಬಂತು."

"ನೀವು ಮೊಳಕಾಲ್ಮೂರಿಗೆ ಹೋಗಬೇಕಿತ್ತಲ್ಲ ಮಾವ?"

"ಅದು ಬೇರೆ ವಿಷಯ" ಎಂದು ಫೋನಿಟ್ಟರು.

ಆ ಡ್ಯಾಂಪರ್ ಒಂದು ದಿನ ಎಣ್ಣೆ ಸೋರತೊಡಗಿತು. ಅದಕ್ಕೆಂದೇ ಬೇರೆ ಎಣ್ಣೆ ಸಿಗುತ್ತದೆ, ತರಿಸೋಣ ಎಂದೆ. ಆದರೆ ಜೀವಮಾನವೆಲ್ಲ ಚಳ್ಳಕೆರೆಯ ಮಿಲ್ಲಿನಲ್ಲಿ ದುಡಿದ ಮನುಷ್ಯನಿಗೆ ಎಣ್ಣೆಯ ವಿಷಯದಲ್ಲಿ ಪಾಠ ಹೇಳುವುದೇ? ಮಿಲ್ಲಿನಿಂದ ತಾಜಾ ಶೇಂಗಾ ಎಣ್ಣೆ ತಂದು, ಬಟ್ಟೆಯಲ್ಲಿ ಸೋಸಿ ತುಂಬಿದರು. ಮಧ್ಯಾಹ್ನದ ಬಿಸಿಲಿಗೆ ಗಾಡಿಯಿಂದ ಬಜ್ಜಿ ಕರಿಯುವ ವಾಸನೆ ಬರಲು ಶುರುವಾಯಿತು. ಸಿಗ್ನಲ್ಲಿನಲ್ಲಿ ನಿಂತವರು ಹೋಟೆಲ್ ಎಲ್ಲಿದೆ ಎಂದು ಸುತ್ತ ನೋಡುತ್ತಿದ್ದರು. ಮರುದಿನ ನೋಡಿದರೆ ಅಂಗಳದ ಇರುವೆಗಳೆಲ್ಲ ಸಾಲುಗಟ್ಟಿ ಟೈರು ಹತ್ತಿ ಹ್ಯಾಂಡಲ್ ಮುಟ್ಟಿದ್ದವು. ಹತ್ತುವುದಕ್ಕೆ ಅವಕ್ಕೆ ಮಾತ್ರ ಧೈರ್ಯ ಇದೆ ಎಂದು ಅತ್ತೆ ನಕ್ಕರು. ಮಾವ ನಗಲಿಲ್ಲ. ಹೊಸದೊಂದು ಡ್ಯಾಂಪರ್ ತರಿಸಿದರು, ಇನ್ನೂ ಒಳ್ಳೆಯ ಜಾತಿಯದು.

ಈ ಸಲ ಪರೀಕ್ಷೆ ಮಾಡದೆ ಅತ್ತೆಯನ್ನು ಕರೆಯಬಾರದೆಂದು ತೀರ್ಮಾನಿಸಿದರು. ಪರೀಕ್ಷೆ ಹೇಗೆ? ಹಿಂದಿನ ಸೀಟಿನ ಮೇಲೆ ಒಂದು ಬಟ್ಟೆಯ ಸಿಂಬಿ, ಸಿಂಬಿಯ ಮೇಲೆ ಕುತ್ತಿಗೆಯವರೆಗೆ ನೀರು ತುಂಬಿದ ಹಿತ್ತಾಳೆ ಚೆಂಬು, ಬೀಳದಂತೆ ಸೈಕಲ್ ಟ್ಯೂಬಿನ ಬಿಗಿತ. ತಳಕಿನವರೆಗೆ ಹೋಗಿ ಬಂದು ಎಷ್ಟು ನೀರು ಉಳಿದಿದೆ ನೋಡುವುದು. ಪ್ರತಿ ಸಲವೂ ಚೆಂಬು ಅರ್ಧಕ್ಕಿಳಿದು, ಸೀಟು ತೊಪ್ಪೆಯಾಗಿ ಬರುತ್ತಿತ್ತು. ಮಾವ ಗುಂಡಿಯನ್ನು ಸ್ವಲ್ಪ ಬಿಗಿ ಮಾಡುವರು, ಸ್ವಲ್ಪ ಸಡಿಲ ಮಾಡುವರು, ಮತ್ತೆ ಹೊರಡುವರು. ದಾರಿಯಲ್ಲಿ ಕಂಡವರು ಯಾವ ದೇವರ ತೀರ್ಥ ಎಂದು ಕೇಳುತ್ತಿದ್ದರಂತೆ.

ಒಂದು ಭಾನುವಾರ ನಾನು ಅಲ್ಲಿದ್ದಾಗ ಮಾವ ಚೆಂಬು ಕಟ್ಟಿ ಹೊರಟಿದ್ದರು. ಅಷ್ಟರಲ್ಲಿ ಮಿಲ್ಲಿನಿಂದ ಫೋನ್ ಬಂತು, ಯಂತ್ರ ನಿಂತಿದೆಯಂತೆ. ಗಾಡಿಯನ್ನು ಯಾರಿಗೂ ಮುಟ್ಟಗೊಡದ ಮನುಷ್ಯ ಕೀಲಿಕೈಯನ್ನು ನನ್ನ ಕೈಗಿತ್ತು, ಸತ್ಯವಾಗಿ ಓಡಿಸಬೇಕು, ಹುಷಾರಿಂದ ಓಡಿಸಿ ಮೋಸ ಮಾಡಬಾರದು ಎಂದು ಹೇಳಿ, ಆಟೋ ಹತ್ತಿ ಹೋದರು. ನಾನು ತಳಕಿಗೆ ಹೋಗಿ ಬಂದೆ. ಹ್ಯಾಂಡಲ್ ಎಲ್ಲೂ ಮಿಸುಕಲಿಲ್ಲ. ಅನುಮಾನ ಬಂದು, ಡ್ಯಾಂಪರಿನ ಗುಂಡಿಯನ್ನು ಪೂರಾ ಸಡಿಲ ಮಾಡಿ ಇನ್ನೊಂದು ಸಲ ಹೋಗಿ ಬಂದೆ. ಆಗಲೂ ಅಷ್ಟೇ. ಮನೆ ಮುಂದೆ ನಿಲ್ಲಿಸಿ ನೋಡಿದರೆ ಚೆಂಬಿನ ನೀರು ಕುತ್ತಿಗೆಯಲ್ಲೇ ಇದೆ! ಸೀಟಿನ ಮೇಲೆ ನಾಲ್ಕು ಹನಿ, ಅಷ್ಟೇ.

ಅತ್ತೆ ಹೊಸ್ತಿಲಿಂದ ಇಳಿದು ಬಂದು ಚೆಂಬಿನೊಳಗೆ ಬಗ್ಗಿ ನೋಡಿದರು. ಅವರಿಗೆ ಒಂದಿಷ್ಟೂ ಆಶ್ಚರ್ಯವಾಗಲಿಲ್ಲ.

"ಗಾಡಿಗೆ ಏನೂ ಆಗಿಲ್ಲ ಕಣಪ್ಪ, ಆವತ್ತಿಂದಲೂ ನಂಗೊತ್ತು. ನಡುಗೋದು ಅವರ ಕೈ" ಅಂದರು.

ಏನಾದರೂ ಕಾಯಿಲೆಯೇ ಎಂದು ಕೇಳಿದೆ.

"ಕಾಯ್ಲೆ ಎಂಥದ್ದೂ ಇಲ್ಲ. ಬಸ್ಸಿನಾಗೆ ಕೂತು ನೋಡ್ತಾನೇ ಇರ್ತೀನಲ್ಲ, ಒಬ್ರೇ ಇದ್ರೆ ಒಂಚೂರೂ ನಡುಗಲ್ಲ. ಆವತ್ತು ನಾನು ಬಿದ್ನಲ್ಲ, ಅದಾದಮ್ಯಾಕೆ ನಾನು ಹಿಂದೆ ಕೂತ್ರೆ ನಡುಗ್ತಾರೆ. ನನ್ನ ಜಾಗದಾಗೆ ಚೆಂಬಿಟ್ರೂ ಅಷ್ಟೇ. ನಿಮ್ಮ ಕೈ ನಡುಗ್ತೈತೆ ಅಂತ ಹೆಂಗೆ ಹೇಳ್ಲಿ? ಆಮೇಲೆ ಗಾಡಿ ಮುಟ್ತಾರಾ ಅವ್ರು? ಅದಕ್ಕೇ ಗಾಡಿ ಮೇಲೆ ಹಾಕ್ದೆ."

ಅಷ್ಟರಲ್ಲಿ ಬೀದಿಯ ತುದಿಯಲ್ಲಿ ಆಟೋ ಸದ್ದು ಕೇಳಿತು. ಅತ್ತೆ ಟ್ಯೂಬು ಬಿಚ್ಚಿ ಚೆಂಬನ್ನು ಎತ್ತಿ, ಒಂದಿಷ್ಟು ನೀರನ್ನು ಸೀಟಿನ ಮೇಲೆ ಸುರಿದರು, ಇನ್ನೊಂದಿಷ್ಟನ್ನು ಕನಕಾಂಬರದ ಗಿಡಕ್ಕೆ ಹಾಕಿದರು. ಅರ್ಧಕ್ಕಿಂತ ಸ್ವಲ್ಪ ಮೇಲೆ ಉಳಿಸಿ ಮತ್ತೆ ಸಿಂಬಿಯ ಮೇಲಿಟ್ಟರು. ತೀರ ಕಡಿಮೆಯಾದರೆ ಮಾವ ಸೋತುಹೋಗುತ್ತಾರೆ; ತುಂಬಿದ್ದರೆ ಸತ್ಯ ಗೊತ್ತಾಗುತ್ತದೆ.

ಮಾವ ಇಳಿದವರೇ ಚೆಂಬು ನೋಡಿದರು. ಅವರ ಮುಖ ಅರಳಿತು. ಹೋದ ಸಲಕ್ಕಿಂತ ವಾಸಿ, ಇನ್ನು ಸ್ವಲ್ಪ ಬಿಗಿ ಮಾಡಿದರೆ ಆಯಿತು ಎಂದು ಸ್ಪ್ಯಾನರಿಗೆ ಕೈ ಹಾಕಿದರು.

"ಇನ್ನೇನೂ ಬಿಗಿಯೋದು ಬ್ಯಾಡ. ಇಷ್ಟಾದ್ರೆ ಸಾಕು. ನಾಳೆ ತಮ್ಮನ ಮನೆಗೆ ಹೋಗ್ಬೇಕು, ನಿಮ್ಮ ಹಿಂದೆನೇ ಬರ್ತೀನಿ" ಅಂದರು ಅತ್ತೆ.

ಮಾರನೆಯ ಬೆಳಿಗ್ಗೆ ನಾನೇ ಬಾಗಿಲಲ್ಲಿ ನಿಂತು ಕಳಿಸಿದೆ. ಅತ್ತೆ ಸೆರಗು ಸಿಕ್ಕಿಸಿಕೊಂಡು ಕೂತರು. ಗಾಡಿ ಬೀದಿಯ ತಿರುವಿಗೆ ಹೋಗುವಷ್ಟರಲ್ಲೇ ಹ್ಯಾಂಡಲ್ ಗಡಗಡ ಅಂದದ್ದು ನನಗೆ ಚೆನ್ನಾಗಿ ಕಂಡಿತು. ಅಷ್ಟು ನಿಧಾನಕ್ಕೆ ಓಡುವ ಟೂರಿಂಗ್ ಬೈಕನ್ನು ನಾನು ಇನ್ನೆಲ್ಲೂ ನೋಡಿಲ್ಲ, ದಾರಿಯಲ್ಲಿ ಎತ್ತಿನ ಗಾಡಿಗಳೂ ಅವರನ್ನು ಹಿಂದೆ ಹಾಕಿರಬೇಕು. ಮಧ್ಯಾಹ್ನ ಮೊಳಕಾಲ್ಮೂರಿನಿಂದ ಫೋನ್ ಬಂತು. ಮಾವನ ಗಂಟಲಿನಲ್ಲಿ ಇಪ್ಪತ್ತರ ಹುಡುಗನ ಉತ್ಸಾಹ.

"ಬಂದ್ವಿ ಕಣಲೇ. ತಾಳು, ನಿಮ್ಮತ್ತೆನೇ ಹೇಳ್ಲಿ. ಏನೇ, ಅಲ್ಲಾಡ್ತಾ?"

ಸ್ವಲ್ಪ ದೂರದಿಂದ ಅತ್ತೆಯ ದನಿ ಕೇಳಿಸಿತು: "ಇಲ್ಲಪ್ಪ, ಒಂಚೂರೂ ಅಲ್ಲಾಡ್ಲಿಲ್ಲ."